ವಾಸನೆ ಕಳೆದುಕೊಂಡ ಗೊದ್ದವ್ವ

ಒಂದೂರು. ಊರಲ್ಲಿ ಒಂದು ಮನೆ. ಮನೆ ಹಿಂದೆ ಹಿತ್ತಿಲು. ಹಿತ್ತಿಲಲ್ಲಿ ಅವರೆ ಚಪ್ಪರ. ಚಪ್ಪರದ ಪಕ್ಕ ನುಗ್ಗೆ ಮರ. ನುಗ್ಗೆ ಮರದ ಬುಡದಲ್ಲಿ ಒಂದು ತೂತು.

ಆ ತೂತೇ ಗೊದ್ದಗಳ ಮನೆ ಬಾಗಿಲು.

ಗೊದ್ದ ಗೊತ್ತಲ್ಲ? ಕಪ್ಪಗೆ, ದಪ್ಪಗೆ, ಉದ್ದುದ್ದ ಕಾಲು. ನಮ್ಮ ಮನೆಗೆ ಬರೋ ಇರುವೆಗಳಲ್ಲೆಲ್ಲ ದೊಡ್ಡದು. ಸಕ್ಕರೆ ಡಬ್ಬಿ ಯಾರು ತೆರೆದರೂ ಮೊದಲು ಬರೋದು ಅದೇ.

ಆ ಮನೆಯಲ್ಲಿ ಒಬ್ಬಳು ಅವ್ವ. ಅವಳ ಕೆಲಸ ಮೊಟ್ಟೆ ಇಡೋದು. ಮಕ್ಕಳೆಷ್ಟು? ಎಣಿಸಿದವರಿಲ್ಲ. ದುಡಿಯೋರೆಲ್ಲ ಹೆಣ್ಣುಮಕ್ಕಳೇ. ಎಲ್ಲರೂ ಅಕ್ಕತಂಗಿಯರು. ಎಲ್ಲರ ಮೈಗೂ ಒಂದೇ ವಾಸನೆ. ಅದು ಮನೆ ವಾಸನೆ. ಗೂಡಿನ ಕತ್ತಲಲ್ಲಿ ಮುಖ ಕಾಣೋದಿಲ್ಲ. ಮೀಸೆಯಿಂದ ಮುಟ್ಟಬೇಕು, ಮೂಸಬೇಕು. ಮನೆ ವಾಸನೆ ಇದ್ದರೆ ಮನೆಯವಳು. ಇಲ್ಲದಿದ್ದರೆ ಹೊರಗಿನವಳು.

ಆ ಅಕ್ಕತಂಗಿಯರಲ್ಲಿ ಒಬ್ಬಳು ಗೊದ್ದವ್ವ. ಈ ಕಥೆ ಅವಳದು.

ಒಂದು ದಿನ ಗೊದ್ದವ್ವ ಬೆಲ್ಲ ಹುಡುಕಿಕೊಂಡು ಹೊರಟಳು. ಬಚ್ಚಲ ಗೋಡೆ ಹತ್ತಿದಳು. ಕಿಟಕಿ ದಾಟಿದಳು. ಒಳಗೆ ಇಳಿದಳು. ಬಚ್ಚಲಲ್ಲಿ ನೀರು ನಿಂತಿತ್ತು. ಸೀಗೆಪುಡಿಯ ನೀರು. ನೊರೆನೊರೆ ನೀರು. ಕಾಲು ಜಾರಿತು. ಬುಳಕ್!

ಮುಳುಗಿದಳು. ಎದ್ದಳು. ಮುಳುಗಿದಳು. ಎದ್ದಳು. ಉದುರಿದ ತಲೆಗೂದಲೊಂದು ತೇಲಿ ಬಂತು. ಅದನ್ನು ಹಿಡಿದಳು. ಅದರ ಮೇಲೆ ನಡೆದಳು. ಗೋಡೆ ಸಿಕ್ಕಿತು. ಹತ್ತಿದಳು. ಕಿಟಕಿ ದಾಟಿ ಆಚೆ ಬಂದಳು. “ಬದುಕಿದೆಯಾ ಬಡಜೀವವೇ” ಅಂದುಕೊಂಡಳು.

ಜೀವ ಉಳಿಯಿತು. ವಾಸನೆ ಹೋಯಿತು.

ಸೀಗೆಪುಡಿ ಸುಮ್ಮನಿರುತ್ತದೆಯೇ? ತಲೆಗೆ ಹಚ್ಚಿದ ಎಣ್ಣೆ ತೆಗೆಯುತ್ತದೆ. ಹಾಗೇ ಗೊದ್ದವ್ವನ ಮೈವಾಸನೆಯನ್ನೂ ತೆಗೆದುಬಿಟ್ಟಿತು. ಪಾಪ, ಅವಳಿಗೆ ಗೊತ್ತೇ ಆಗಲಿಲ್ಲ. ತನ್ನ ಮೈವಾಸನೆ ತನಗೆ ತಿಳಿಯೋದು ಎಲ್ಲಾದರೂ ಉಂಟೇ?

ಓಡಿ ಓಡಿ ಮನೆಗೆ ಬಂದಳು. ಬಾಗಿಲಲ್ಲಿ ದಪ್ಪ ತಲೆಯ ಅಕ್ಕ ನಿಂತಿದ್ದಳು. ಅವಳೇ ಬಾಗಿಲಕ್ಕ.

“ಯಾರು ನೀನು?” ಅಂದಳು ಬಾಗಿಲಕ್ಕ.

“ನಾನು ಗೊದ್ದವ್ವ. ನಿನ್ನ ತಂಗಿ.”

ಬಾಗಿಲಕ್ಕ ಮೀಸೆ ಚಾಚಿದಳು. ತಲೆ ಮೂಸಿದಳು. ಬೆನ್ನು ಮೂಸಿದಳು. ಕಾಲು ಮೂಸಿದಳು.

“ಮನೆ ವಾಸನೆ ಇಲ್ಲ. ನೀನು ನನ್ನ ತಂಗಿಯಲ್ಲ. ನಡಿ ಆಚೆ.”

“ಅಕ್ಕಾ, ನನ್ನ ಮುಖ ನೋಡು.”

“ಮುಖ ನೋಡಿ ಏನು ಮಾಡಲಿ? ಹುಣಸೆ ಮರದ ಬುಡದಲ್ಲಿ ಬೇರೆ ಗೊದ್ದಗಳಿದ್ದಾರೆ. ಅವರ ಮುಖವೂ ಇದೇ. ಅವರ ಅವ್ವ ಬೇರೆ, ನಮ್ಮ ಅವ್ವ ಬೇರೆ. ವಾಸನೆ ತಾ. ಒಳಗೆ ಬಾ.”

ಬಾಗಿಲಕ್ಕ ಇಕ್ಕಳದ ಬಾಯಿ ತೆರೆದು ನಿಂತಳು. ಗೊದ್ದವ್ವ ಹಿಂದೆ ಸರಿದಳು.

ಅವಳಿಗೆ ಭಯವಾಯಿತು. ಒಂಟಿ ಗೊದ್ದ ಬಾಳೋದಿಲ್ಲ. ಅದಕ್ಕೆ ತುತ್ತು ಕೊಡೋರಿಲ್ಲ. ಮೈ ನೆಕ್ಕಿ ತೊಳೆಯೋರಿಲ್ಲ. ಮನೆ ಸೇರಲಿಲ್ಲ ಅಂದರೆ ಸತ್ತೇ ಹೋಗುತ್ತದೆ. ಮಕ್ಕಳ ಕಥೆ ಅಂತ ನಾನು ಅದನ್ನು ಮುಚ್ಚಿಡೋದಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಅಕ್ಕ ಬಂದಳು. ಮನೆಮಂದಿಗೆಲ್ಲ ತುತ್ತು ತರೋಳು. ಅವಳೇ ತುತ್ತಕ್ಕ.

ಗೊದ್ದದ ಹೊಟ್ಟೆಯಲ್ಲಿ ಎರಡು ಚೀಲ. ಒಂದು ತನ್ನ ಚೀಲ. ಒಂದು ಊರ ಚೀಲ. ತನ್ನ ಚೀಲದ್ದು ತನಗೆ. ಊರ ಚೀಲದ್ದು ಬಾಯಿಂದ ಬಾಯಿಗೆ, ಅಕ್ಕನಿಂದ ತಂಗಿಗೆ. ಆ ತುತ್ತಿನ ಜೊತೆಗೇ ಮನೆ ವಾಸನೆ.

“ನನಗೆ ವಾಸನೆಯಿಲ್ಲ, ಬಾಗಿಲಕ್ಕ ಬಿಡೋದಿಲ್ಲ. ತುತ್ತಕ್ಕಾ ತುತ್ತಕ್ಕಾ, ಒಂದು ತುತ್ತು ಕೊಡು” ಅಂದಳು ಗೊದ್ದವ್ವ. ತುತ್ತಕ್ಕನ ಮುಖಕ್ಕೆ ಮೀಸೆಯಿಂದ ಟಪಟಪ ಬಡಿದಳು.

“ಯಾರು ನೀನು?”

“ನಾನು ಗೊದ್ದವ್ವ. ನಿನ್ನ ತಂಗಿ.”

ತುತ್ತಕ್ಕ ಮೂಸಿದಳು. ಇನ್ನೊಂದು ಸಲ ಮೂಸಿದಳು.

“ವಾಸನೆ ಇಲ್ಲ. ಆದರೆ ಮೀಸೆ ಬಡಿಯೋ ರೀತಿ ನಮ್ಮ ಮನೇದೇ. ಕೊಡೋಣ ಅಂದರೆ ಊರ ಚೀಲ ಖಾಲಿ. ಹೇನು ಸಿಹಿ ಕೊಡ್ತಿಲ್ಲ. ಸಿಹಿ ಬರಲಿ, ತುತ್ತು ಕೊಡ್ತೀನಿ.”

ಗೊದ್ದವ್ವ ಹೇನಿನ ಹತ್ತಿರ ಹೋದಳು.

ತಲೆಯ ಹೇನಲ್ಲ. ಅವರೆ ಬಳ್ಳಿಯ ಹೇನು. ಎಳೆ ಕುಡಿಯ ಮೇಲೆ ಗುಂಪು ಗುಂಪಾಗಿ ಕೂತಿರುತ್ತದಲ್ಲ, ಅದು. ಅದು ಬಳ್ಳಿಯ ರಸ ಹೀರುತ್ತದೆ. ಹಿಂದಿನಿಂದ ಸಿಹಿ ಹನಿ ಬಿಡುತ್ತದೆ. ನಗಬೇಡಿ. ಗೊದ್ದಕ್ಕೆ ಅದೇ ಹಾಲು, ಅದೇ ಜೇನು.

“ಯಾರು ನೀನು?” ಅಂತು ಹೇನು.

“ನಾನು ಗೊದ್ದವ್ವ.”

“ಎಷ್ಟು ಕಾಲು?”

“ಒಂದು, ಎರಡು, ಮೂರು, ನಾಲ್ಕು, ಐದು, ಆರು.”

“ನನಗೂ ಆರು. ಹಾಗಾದರೆ ಇಬ್ಬರೂ ಕೀಟಗಳೇ. ಎಂಟು ಅಂದಿದ್ದರೆ ಜೇಡ ಅಂತ ಬಿದ್ದು ಓಡ್ತಿದ್ದೆ. ಆದರೆ ನನ್ನ ಬಾಯಿ ಸೂಜಿ, ನಿನ್ನ ಬಾಯಿ ಇಕ್ಕಳ. ನಿನ್ನ ಬಳಗ ಬೇರೆ, ನನ್ನ ಬಳಗ ಬೇರೆ. ಏನು ಬೇಕು?”

“ಅಕ್ಕನಿಗೆ ತುತ್ತಿಲ್ಲ, ನನಗೆ ವಾಸನೆಯಿಲ್ಲ, ಬಾಗಿಲಕ್ಕ ಬಿಡೋದಿಲ್ಲ. ಹೇನೇ ಹೇನೇ, ಸಿಹಿ ಕೊಡು.”

“ಎಲ್ಲಿಂದ ಕೊಡಲಿ? ನನ್ನ ಸೂಜಿ ಚುಚ್ಚಿ ಚುಚ್ಚಿ ಮೊಂಡಾಯಿತು. ಬಳ್ಳಿಯಲ್ಲಿ ರಸವೇ ಇಲ್ಲ. ರಸ ಬರಲಿ, ಸಿಹಿ ಕೊಡ್ತೀನಿ.”

ಗೊದ್ದವ್ವ ಬಳ್ಳಿಯ ಹತ್ತಿರ ಮಾತಾಡಿದಳು. ದೂರ ಹೋಗೋದೇನೂ ಬೇಕಿರಲಿಲ್ಲ. ಅವಳು ನಿಂತದ್ದೇ ಬಳ್ಳಿಯ ಮೇಲೆ.

ಅವರೆ ಬಳ್ಳಿಯ ಎಲೆಗಳೆಲ್ಲ ಜೋಲು ಬಿದ್ದಿದ್ದವು. ಹೂವೆಲ್ಲ ಉದುರಿದ್ದವು. ಬಳ್ಳಿಗೆ ಕಣ್ಣಿಲ್ಲ. ಮುಟ್ಟಿದ್ದು ಮಾತ್ರ ಗೊತ್ತು.

“ಯಾರು ನೀನು?” ಅಂತು ಬಳ್ಳಿ. ನಿಧಾನವಾಗಿ ಅಂತು.

“ನಾನು ಗೊದ್ದವ್ವ. ಆರು ಕಾಲಿನವಳು.”

“ಆರು ಕಾಲಿನವರು ನನ್ನ ಮೇಲೆ ನೂರಾರು ಜನ ಇದ್ದಾರೆ. ಅದೇನು ಎಲೆ ಮೇಲೆ ಟಪಟಪ ಬಡಿಯೋದು?”

“ನನ್ನ ಮೀಸೆ.”

“ನಡುವೆ ಬಗ್ಗಿದ ಹಾಗಿದೆಯಲ್ಲ?”

“ಹೌದು. ಮೊಣಕೈ ಬಗ್ಗಿದ ಹಾಗೆ ಬಗ್ಗುತ್ತದೆ. ನಮ್ಮ ಇರುವೆ ಬಳಗದಲ್ಲಿ ದುಡಿಯೋರಿಗೆಲ್ಲ ಹಾಗೇ.”

“ಮೊಣಕೈ ಮೀಸೆಯವಳೇ, ಏನು ಬೇಕು?”

“ಹೇನಿಗೆ ಸಿಹಿಯಿಲ್ಲ, ಅಕ್ಕನಿಗೆ ತುತ್ತಿಲ್ಲ, ನನಗೆ ವಾಸನೆಯಿಲ್ಲ, ಬಾಗಿಲಕ್ಕ ಬಿಡೋದಿಲ್ಲ. ಬಳ್ಳಿಯೇ ಬಳ್ಳಿಯೇ, ರಸ ಕೊಡು.”

“ಬೇರು ಒಣಗಿದೆ ಮಗಳೇ. ಮಣ್ಣು ಕಲ್ಲಾಗಿದೆ. ಎರೆಹುಳವನ್ನು ಕೇಳು. ಮಣ್ಣು ಮೆತ್ತಗಾಗಲಿ, ರಸ ಕೊಡ್ತೀನಿ.”

ಗೊದ್ದವ್ವ ಬಳ್ಳಿ ಇಳಿದಳು. ನೆಲದಲ್ಲಿ ಒಂದು ಬಿರುಕು. ಬಿರುಕಿನೊಳಗೆ ಇಳಿದಳು. ಇಳಿದಳು, ಇಳಿದಳು, ಇನ್ನೂ ಇಳಿದಳು. ತಳದಲ್ಲಿ ಎರೆಹುಳ ಮುದುರಿಕೊಂಡು ಮಲಗಿತ್ತು.

“ಯಾರು ನೀನು?” ಅಂತು ಎರೆಹುಳ.

“ನಾನು ಗೊದ್ದವ್ವ. ಆರು ಕಾಲಿನವಳು, ಮೊಣಕೈ ಮೀಸೆಯವಳು.”

“ಆರು ಕಾಲಾ? ಅಯ್ಯೋ, ಅಷ್ಟೊಂದು ಯಾಕೆ? ನನಗೆ ಒಂದೂ ಇಲ್ಲ. ಆದರೂ ಎಲ್ಲ ಕಡೆ ಹೋಗಿಬರ್ತೀನಿ.” ಎರೆಹುಳ ಅವಳ ಮೈ ಸವರಿತು. “ಇದೇನು, ನಡು ಇಷ್ಟು ಸಣ್ಣ? ಮುರಿದುಹೋಗಲ್ವಾ? ನಾನು ನೋಡು, ತಲೆಯಿಂದ ಬಾಲದವರೆಗೆ ಒಂದೇ ಸಮ.”

“ಮುರಿಯೋದಿಲ್ಲ. ಸಣ್ಣ ಸೊಂಟ ಇದ್ದರೆ ಬೇಕಾದ ಕಡೆ ಬಾಗಬಹುದು.”

“ಸರಿ, ಸಣ್ಣ ಸೊಂಟದವಳೇ, ಏನು ಬೇಕು?”

“ಬಳ್ಳಿಗೆ ರಸವಿಲ್ಲ, ಹೇನಿಗೆ ಸಿಹಿಯಿಲ್ಲ, ಅಕ್ಕನಿಗೆ ತುತ್ತಿಲ್ಲ, ನನಗೆ ವಾಸನೆಯಿಲ್ಲ, ಬಾಗಿಲಕ್ಕ ಬಿಡೋದಿಲ್ಲ. ಎರೆಹುಳವೇ ಎರೆಹುಳವೇ, ಮಣ್ಣು ಮೆತ್ತಗೆ ಮಾಡು.”

“ಒಣ ಮಣ್ಣಲ್ಲಿ ಹೊರಳಿದರೆ ನನ್ನ ಚರ್ಮವೇ ಕಿತ್ತುಬರುತ್ತದೆ. ಮೊದಲು ಬಚ್ಚಲ ಕಾಲುವೆಯಲ್ಲಿ ದಿನಾ ನೀರು ಬರ್ತಿತ್ತು. ಈಗ ಬರ್ತಿಲ್ಲ. ಹೋಗಿ ಕಾಲುವೆ ನೋಡು. ಮಣ್ಣಿಗೆ ತೇವ ಬರಲಿ, ಮೆತ್ತಗೆ ಮಾಡ್ತೀನಿ.”

ಗೊದ್ದವ್ವ ಬಿರುಕು ಹತ್ತಿದಳು. ಹತ್ತಿದಳು, ಹತ್ತಿದಳು, ಇನ್ನೂ ಹತ್ತಿದಳು. ಮೇಲೆ ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಕಾಲು ಸುಡುತ್ತಿತ್ತು. ಅವಳ ಹೊಟ್ಟೆಯ ಎರಡು ಚೀಲವೂ ಖಾಲಿಯಾಗಿದ್ದವು.

ಕಾಲುವೆ ಒಣಗಿತ್ತು. ಕಾಲುವೆಯ ದಡದಲ್ಲಿ ಒಬ್ಬಳು ಕಡಜ ಕೂತಿದ್ದಳು. ಹಸಿ ಮಣ್ಣು ಕಚ್ಚಿಕೊಂಡು ಹೋಗಿ ಗೋಡೆಗೆ ಗೂಡು ಕಟ್ಟುತ್ತಾಳಲ್ಲ, ಆ ಕಡಜ. ಹಸಿ ಮಣ್ಣು ಎಲ್ಲಿದೆ? ಸುಮ್ಮನೆ ರೆಕ್ಕೆ ಬಡಿಯುತ್ತಾ ಕೂತಿದ್ದಳು.

“ಯಾರು ನೀನು?” ಅಂದಳು ಕಡಜ. ಜಂಬದಿಂದ ಅಂದಳು.

“ನಾನು ಗೊದ್ದವ್ವ. ಆರು ಕಾಲಿನವಳು, ಮೊಣಕೈ ಮೀಸೆಯವಳು, ಸಣ್ಣ ಸೊಂಟದವಳು.”

“ಸಣ್ಣ ಸೊಂಟವಾ? ತಿರುಗು ನೋಡೋಣ.” ಗೊದ್ದವ್ವ ತಿರುಗಿದಳು. “ಅರೆ, ಹೌದು! ನನ್ನದೂ ಸಣ್ಣ ಸೊಂಟ. ಹಾಗಾದರೆ ನೀನು ನಮ್ಮ ದೂರದ ನೆಂಟಳು. ನಿಮ್ಮ ಅಜ್ಜಿಯ ಅಜ್ಜಿಯ ಅಜ್ಜಿಯೂ ನಮ್ಮ ಅಜ್ಜಿಯ ಅಜ್ಜಿಯ ಅಜ್ಜಿಯೂ ಒಂದೇ ಮನೆಯವರು. ಆದರೆ ನಿನ್ನ ರೆಕ್ಕೆ ಎಲ್ಲಿ?”

“ದುಡಿಯೋರಿಗೆ ರೆಕ್ಕೆ ಇಲ್ಲ. ನಮ್ಮ ಅವ್ವನಿಗೆ ಇತ್ತು. ಮದುವೆ ದಿನ ಹಾರಿದಳು. ನೆಲಕ್ಕಿಳಿದಳು. ತನ್ನ ರೆಕ್ಕೆ ತಾನೇ ಕಿತ್ತುಹಾಕಿದಳು. ಗೂಡು ತೋಡಿದಳು.”

“ರೆಕ್ಕೆ ಕಿತ್ತುಹಾಕೋದಾ!” ಕಡಜ ತನ್ನ ರೆಕ್ಕೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. “ನಿನ್ನ ಸೊಂಟದಲ್ಲಿ ಅದೇನು ಉಬ್ಬು?”

“ಅದು ಗಂಟು. ಇರುವೆ ಬಳಗದ ಗುರುತು. ಕೆಲವರಿಗೆ ಎರಡಿರುತ್ತದೆ. ಗೊದ್ದಕ್ಕೆ ಒಂದೇ.”

“ಒಂಟಿ ಗಂಟಿನವಳೇ, ಏನು ಬೇಕು?”

“ಮಣ್ಣಿಗೆ ತೇವವಿಲ್ಲ, ಬಳ್ಳಿಗೆ ರಸವಿಲ್ಲ, ಹೇನಿಗೆ ಸಿಹಿಯಿಲ್ಲ, ಅಕ್ಕನಿಗೆ ತುತ್ತಿಲ್ಲ, ನನಗೆ ವಾಸನೆಯಿಲ್ಲ, ಬಾಗಿಲಕ್ಕ ಬಿಡೋದಿಲ್ಲ. ಕಡಜಕ್ಕಾ ಕಡಜಕ್ಕಾ, ಕಾಲುವೆ ನೀರು ಎಲ್ಲಿ ಹೋಯಿತು?”

“ಎಲ್ಲೂ ಹೋಗಿಲ್ಲ. ಬಚ್ಚಲಲ್ಲೇ ಇದೆ. ಬಚ್ಚಲ ತೂತಿಗೆ ಯಾರೋ ತೆಂಗಿನ ನಾರು ತುರುಕಿದ್ದಾರೆ. ನಾನು ಎಳೆದು ನೋಡಿದೆ. ಬರಲಿಲ್ಲ. ತುರುಕಿದವರೇ ತೆಗೀಬೇಕು. ಈ ಮನೆ ಅಜ್ಜಿಯನ್ನು ಕೇಳು.”

ಗೊದ್ದವ್ವ ಅಜ್ಜಿಯ ಹತ್ತಿರ ಹೋದಳು.

ಅಜ್ಜಿಯ ಹೆಸರು ಚಿಕ್ಕತಾಯಮ್ಮ. ಜಗಲಿ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಗೊದ್ದವ್ವ ಮೊರದ ಅಂಚು ಹತ್ತಿ ನಿಂತಳು.

“ಯಾರೇ ನೀನು?” ಅಂದಳು ಅಜ್ಜಿ.

“ನಾನು ಗೊದ್ದವ್ವ. ಆರು ಕಾಲಿನವಳು, ಮೊಣಕೈ ಮೀಸೆಯವಳು, ಸಣ್ಣ ಸೊಂಟದವಳು, ಒಂಟಿ ಗಂಟಿನವಳು.”

“ಅಷ್ಟೆಲ್ಲ ಯಾಕವ್ವ ಹೇಳ್ತೀಯ? ಕಪ್ಪು ಮೈ, ಮಣ್ಣಿನ ಮನೆ. ಅಷ್ಟು ಅಂದ್ರೆ ಸಾಕು. ನನ್ ಬೆಲ್ಲದ ಗಡಿಗೆ ಬರಿದು ಮಾಡಿದ ಬಳಗ ನಿಮ್ದೇ ತಾನೆ? ಅದೇನು ನಿಮ್ಮಪ್ಪನ ಮನೆ ಗಂಟಾ?”

“ನಮಗೆ ಅಪ್ಪ ಇಲ್ಲ ಅಜ್ಜಿ. ಮದುವೆ ದಿನ ಹಾರಿದ. ಆಮೇಲೆ ಸತ್ತ. ನಮ್ಮದು ಬರೀ ಅವ್ವನ ಮನೆ.”

“ಹೌದಾ?” ಅಜ್ಜಿಯ ದನಿ ಸ್ವಲ್ಪ ಇಳಿಯಿತು. “ಹೋಗ್ಲಿ ಬಿಡು. ಏನು ಬೇಕು?”

“ಕಾಲುವೆಗೆ ನೀರಿಲ್ಲ, ಮಣ್ಣಿಗೆ ತೇವವಿಲ್ಲ, ಬಳ್ಳಿಗೆ ರಸವಿಲ್ಲ, ಹೇನಿಗೆ ಸಿಹಿಯಿಲ್ಲ, ಅಕ್ಕನಿಗೆ ತುತ್ತಿಲ್ಲ, ನನಗೆ ವಾಸನೆಯಿಲ್ಲ, ಬಾಗಿಲಕ್ಕ ಬಿಡೋದಿಲ್ಲ. ಅಜ್ಜಿ ಅಜ್ಜಿ, ಬಚ್ಚಲ ತೂತಿನ ನಾರು ತೆಗಿ.”

“ಚೆನ್ನಾಗಿ ಹೇಳ್ದೆ ಕಣವ್ವ! ನಾರು ತುರುಕಿದ್ದೇ ನೀವು ಆ ತೂತಲ್ಲಿ ಸಾಲಾಗಿ ಬರ್ತೀರ ಅಂತ. ನೀರು ನಿಂತು ಬಚ್ಚಲು ಕೆರೆ ಆಗೈತೆ. ನನ್ ಮೊಮ್ಮಗಳು ತುಂಗಿ ದಿನಾ ಚೊಂಬಲ್ಲಿ ಮೊಗೆದು ಬೀದಿಗೆ ಚೆಲ್ತಾಳೆ. ಅವರೆ ಒಣಗ್ತಾ ಐತೆ, ಅದೂ ಗೊತ್ತು. ಆದ್ರೂ ತೆಗೆಯಲ್ಲ.”

“ಬೆಲ್ಲ ತಿಂದದ್ದು ನಿಜ ಅಜ್ಜಿ. ಸುಳ್ಳು ಹೇಳೋದಿಲ್ಲ. ಆದರೆ ತೂತು ಮುಚ್ಚಿದರೆ ಗೋಡೆ ಹತ್ತಿ ಬರ್ತೀವಿ. ಇವತ್ತು ನಾನು ಹಾಗೇ ಬಂದೆ. ತಟ್ಟೆಯಲ್ಲಿ ನೀರು ಹಾಕು. ನೀರಿನ ನಡುವೆ ಗಡಿಗೆ ಇಡು. ನೀರು ದಾಟೋದು ನಮ್ಮ ಕೈಲಿ ಆಗೋದಿಲ್ಲ. ನೀರಿಗೆ ಬಿದ್ದೇ ನನಗೆ ಈ ಗತಿ ಬಂತು.”

ಅಜ್ಜಿ ಅಕ್ಕಿ ಆರಿಸೋದು ನಿಲ್ಲಿಸಿದಳು. ಹಣೆ ಹಣೆ ಬಡಿದುಕೊಂಡಳು.

“ಅಯ್ಯೋ, ನನ್ ಬುದ್ಧಿಗಿಷ್ಟು ಮಣ್ಣು ಹಾಕ! ನಮ್ಮತ್ತೆ ಹಂಗೇ ಇಡ್ತಿದ್ರು. ಮರೆತೇ ಹೋಗಿತ್ತು ಕಣೆ.” ಏಳೋಕೆ ನೋಡಿದಳು. ಮತ್ತೆ ಕೂತಳು. “ತೆಗೀತಿದ್ದೆ ತಾಯಿ. ಆದ್ರೆ ಸೊಂಟ ಹಿಡ್ಕೊಂಡೈತೆ. ಬಗ್ಗೋಕಾಗಲ್ಲ. ತುಂಗಿನ ಕೇಳು. ಅವಳು ತೆಗೀತೀನಿ ಅಂದ್ರೆ ನಂದೇನೂ ಅಡ್ಡಿ ಇಲ್ಲ.”

ಗೊದ್ದವ್ವ ತುಂಗಿಯ ಹತ್ತಿರ ಹೋದಳು.

ತುಂಗಿ ಪುಟ್ಟ ಹುಡುಗಿ. ಬಚ್ಚಲ ಹೊಸಿಲಲ್ಲಿ ಚೊಂಬು ಹಿಡಿದು ನಿಂತಿದ್ದಳು. ನೀರು ಎತ್ತಿ ಎತ್ತಿ ಅವಳ ಕೈ ಸೋತಿತ್ತು. ಗೊದ್ದವ್ವನನ್ನು ನೋಡಿದಳು. ಚೊಂಬು ಬಿಟ್ಟಳು. ಕಲ್ಲಿನ ಮೇಲೆ ಹತ್ತಿ ನಿಂತಳು.

“ಯಾರು ನೀನು? ಹತ್ರ ಬರಬೇಡ!”

“ನಾನು ಗೊದ್ದವ್ವ. ಆರು ಕಾಲಿನವಳು, ಮೊಣಕೈ ಮೀಸೆಯವಳು, ಸಣ್ಣ ಸೊಂಟದವಳು, ಒಂಟಿ ಗಂಟಿನವಳು, ಕಪ್ಪು ಮೈಯವಳು, ಮಣ್ಣ ಮನೆಯವಳು.”

“ನೀನು ಇರುವೆ. ನನಗೆ ಗೊತ್ತು. ಮಾವಿನ ಮರದಡಿ ನನ್ನ ಕಚ್ಚಿದೆ. ಉರಿ ಉರಿ ಅಂತ ಸಂಜೆವರೆಗೂ ಅತ್ತೆ.”

“ಕಚ್ಚಿದ್ದು ಕೆಂಪಗಿತ್ತಾ, ಕಪ್ಪಗಿತ್ತಾ?”

“ಕೆಂಪಗಿತ್ತು.”

“ಅದು ಕೆಂಜಿಗ. ಅವರೂ ಇರುವೆ, ನಾವೂ ಇರುವೆ. ಅವರು ಮರದ ಮೇಲೆ ಎಲೆ ಹೊಲಿದು ಮನೆ ಮಾಡ್ತಾರೆ. ಕಚ್ಚಿ ಹುಳಿನೀರು ಬಿಡ್ತಾರೆ, ಅದಕ್ಕೇ ಉರಿ. ನಾವು ನೆಲದಲ್ಲಿರೋರು. ಅವರ ಮನೆ ಬೇರೆ, ನಮ್ಮ ಮನೆ ಬೇರೆ.”

“ಹಾಗಾದ್ರೆ ನೀನು ಕಚ್ಚಲ್ವಾ?”

“ಕಚ್ತೀನಿ.”

ತುಂಗಿ ಇನ್ನೂ ಎತ್ತರದ ಕಲ್ಲು ಹತ್ತಿದಳು.

“ಹಿಸುಕಿದರೆ ಕಚ್ತೀನಿ” ಅಂದಳು ಗೊದ್ದವ್ವ. “ಹಿಸುಕದಿದ್ದರೆ ಇಲ್ಲ. ನನಗೆ ಕೊಂಡಿ ಇಲ್ಲ. ಬಾಯಿ ಮಾತ್ರ ಇದೆ.”

ತುಂಗಿ ಯೋಚನೆ ಮಾಡಿದಳು. ಕಚ್ಚೋದೇ ಇಲ್ಲ ಅಂದಿದ್ದರೆ ಅವಳು ನಂಬುತ್ತಿರಲಿಲ್ಲ. ಈ ಮಾತು ಅವಳಿಗೆ ಹಿಡಿಸಿತು.

“ಏನು ಬೇಕು ನಿನಗೆ?”

“ಅಜ್ಜಿಗೆ ಬಗ್ಗೋಕಾಗೋದಿಲ್ಲ, ಕಾಲುವೆಗೆ ನೀರಿಲ್ಲ, ಮಣ್ಣಿಗೆ ತೇವವಿಲ್ಲ, ಬಳ್ಳಿಗೆ ರಸವಿಲ್ಲ, ಹೇನಿಗೆ ಸಿಹಿಯಿಲ್ಲ, ಅಕ್ಕನಿಗೆ ತುತ್ತಿಲ್ಲ, ನನಗೆ ವಾಸನೆಯಿಲ್ಲ, ಬಾಗಿಲಕ್ಕ ಬಿಡೋದಿಲ್ಲ. ತುಂಗಮ್ಮಾ ತುಂಗಮ್ಮಾ, ಬಚ್ಚಲ ತೂತಿನ ನಾರು ತೆಗಿ.”

“ನೀನು ಕೆಂಜಿಗ ಅಲ್ಲ ಅಂತ ನಾನು ನೋಡಬೇಕು. ಹತ್ತಿರದಿಂದ ನೋಡಬೇಕು.”

“ನೋಡು.”

ತುಂಗಿ ಕಲ್ಲಿನಿಂದ ಇಳಿದಳು. ಕೂತಳು. ಅಂಗೈ ಚಾಚಿದಳು.

ಗೊದ್ದವ್ವ ಅಂಗೈ ನೋಡಿದಳು. ಎಷ್ಟು ದೊಡ್ಡ ಕೈ! ಮುಷ್ಟಿ ಕಟ್ಟಿದರೆ ಮುಗಿಯಿತು. ಆದರೂ ಹತ್ತಿದಳು.

ತುಂಗಿ ಉಸಿರು ಬಿಗಿ ಹಿಡಿದಳು. ಮೂಗಿನ ಹತ್ತಿರ ತಂದು ನೋಡಿದಳು. ಒಂದೊಂದಾಗಿ ನೋಡಿದಳು.

“ಆರು ಕಾಲು, ಇದೆ. ಮೊಣಕೈ ಮೀಸೆ, ಇದೆ. ಸಣ್ಣ ಸೊಂಟ, ಇದೆ. ಒಂಟಿ ಗಂಟು, ಎಲ್ಲಿ? ಓ, ಇಲ್ಲಿದೆ! ಕಪ್ಪು ಮೈ, ಹೌದು. ಮಣ್ಣ ಮನೆ, ಕಾಲಿಗೆ ಮಣ್ಣು ಮೆತ್ತಿದೆ, ಅದೂ ಹೌದು.”

ಅವಳಿಗೆ ಕಚಗುಳಿಯಾಯಿತು. ಕಿಸಕ್ಕನೆ ನಕ್ಕಳು. ಮುಷ್ಟಿ ಕಟ್ಟಲಿಲ್ಲ. ಗೊದ್ದವ್ವನೂ ಕಚ್ಚಲಿಲ್ಲ.

ತುಂಗಿ ಗೊದ್ದವ್ವನನ್ನು ಕಿಟಕಿ ಮೇಲೆ ಬಿಟ್ಟಳು. ಲಂಗ ಎತ್ತಿ ಕಟ್ಟಿದಳು. ನೀರಿಗೆ ಇಳಿದಳು. ತೂತಿಗೆ ಕೈ ಹಾಕಿದಳು. ನಾರು ಎಳೆದಳು. ಬರಲಿಲ್ಲ. ಎರಡು ಕೈಯಲ್ಲಿ ಎಳೆದಳು. ಬರಲಿಲ್ಲ. ಗೋಡೆಗೆ ಕಾಲು ಒದೆಕೊಟ್ಟು ಎಳೆದಳು. ಬಂತು!

ನಾರು ಬಂತು. ತುಂಗಿ ಹಿಂದಕ್ಕೆ ಬಿದ್ದಳು. ನೀರು ಹೊರಟಿತು. ಗುಡುಗುಡು ಗುಡುಗುಡು ಗುಡುಗುಡು!

ತುಂಗಿ ನಾರು ತೆಗೆದಳು, ಕಾಲುವೆಗೆ ನೀರು ಬಂತು. ಕಡಜ ಒಂದು ಉಂಡೆ ಹಸಿ ಮಣ್ಣು ಕಚ್ಚಿಕೊಂಡಳು. ಹೋಗಿಬರ್ತೀನಿ ಅಂತಲೂ ಹೇಳದೆ ಹಾರಿಹೋದಳು. ಅವಳಿಗೆ ಮನೆ ಕಟ್ಟೋ ಅವಸರ.

ಕಾಲುವೆಗೆ ನೀರು ಬಂತು, ಮಣ್ಣಿಗೆ ತೇವ ಬಂತು. ಎರೆಹುಳ ಮೈ ಮುರಿದು ಎದ್ದಿತು. ಆ ಕಡೆ ಹೊರಳಿತು, ಈ ಕಡೆ ಹೊರಳಿತು.

ಮಣ್ಣಿಗೆ ತೇವ ಬಂತು, ಮಣ್ಣು ಮೆತ್ತಗಾಯಿತು. ಬಳ್ಳಿಯ ಬೇರು ನೀರು ಕುಡಿಯಿತು. ಇಲ್ಲಿ ಮಾತ್ರ ಸ್ವಲ್ಪ ತಡ. ಬಳ್ಳಿ ಯಾರ ಅವಸರಕ್ಕೂ ಬಗ್ಗೋದಿಲ್ಲ. ಬುಡದಿಂದ ಕುಡಿಗೆ ನೀರು ಏರಬೇಕು. ಗೊದ್ದವ್ವ ಒಂದು ಎಲೆಯಡಿ ಕೂತು ಕಾದಳು. ಹಸಿವು. ಒಂಟಿತನ. ಅಕ್ಕತಂಗಿಯರು ಸಾಲಾಗಿ ಪಕ್ಕದಲ್ಲೇ ಹೋದರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಅವಳಿಗೆ ಅಳು ಬರುವಷ್ಟು ಬೇಜಾರಾಯಿತು. ಗೊದ್ದಕ್ಕೆ ಕಣ್ಣೀರಿಲ್ಲ. ಅದಕ್ಕೇ ಸುಮ್ಮನೆ ಕೂತಳು.

ಮಾರನೆ ಬೆಳಿಗ್ಗೆ ಜೋತಿದ್ದ ಎಲೆ ನೆಟ್ಟಗಾಯಿತು.

ಮಣ್ಣು ಮೆತ್ತಗಾಯಿತು, ಬಳ್ಳಿಗೆ ರಸ ಬಂತು.

ಬಳ್ಳಿಗೆ ರಸ ಬಂತು, ಹೇನು ಸೂಜಿ ಚುಚ್ಚಿತು. ಹೀರಿತು, ಹೀರಿತು, ಹೊಟ್ಟೆ ತುಂಬ ಹೀರಿತು. ಹೇನಿಗೆ ಸಿಹಿ ಬಂತು.

ಹೇನಿಗೆ ಸಿಹಿ ಬಂತು, ತುತ್ತಕ್ಕ ಮೀಸೆಯಿಂದ ಸವರಿದಳು. ಹನಿ ಬಿತ್ತು. ಕುಡಿದಳು. ಇನ್ನೊಂದು ಹನಿ. ಕುಡಿದಳು. ಊರ ಚೀಲ ತುಂಬಿತು.

ತುತ್ತಕ್ಕ ಕೊಟ್ಟ ಮಾತು ಮರೆತಿರಲಿಲ್ಲ. ಎಲೆಯಡಿಗೆ ಬಂದಳು. ಗೊದ್ದವ್ವ ಮೀಸೆಯಿಂದ ಟಪಟಪ ಬಡಿದಳು. ತುತ್ತಕ್ಕ ಬಾಯಿ ತೆರೆದಳು. ಬಾಯಿಗೆ ಬಾಯಿ ಇಟ್ಟು ತುತ್ತು ಕೊಟ್ಟಳು. ಆಮೇಲೆ ತಲೆ ನೆಕ್ಕಿದಳು. ಬೆನ್ನು ನೆಕ್ಕಿದಳು. ಒಂದೊಂದೇ ಕಾಲು ನೆಕ್ಕಿದಳು. ಆರೂ ಕಾಲು ನೆಕ್ಕಿದಳು.

ಅಕ್ಕನಿಗೆ ತುತ್ತು ಬಂತು, ಗೊದ್ದವ್ವನಿಗೆ ವಾಸನೆ ಬಂತು.

ಗೊದ್ದವ್ವ ಮನೆ ಬಾಗಿಲಿಗೆ ಹೋದಳು. ದಪ್ಪ ತಲೆಯ ಬಾಗಿಲಕ್ಕ ಅಲ್ಲೇ ನಿಂತಿದ್ದಳು. ಮೀಸೆ ಚಾಚಿದಳು. ತಲೆ ಮೂಸಿದಳು. ಬೆನ್ನು ಮೂಸಿದಳು. ಕಾಲು ಮೂಸಿದಳು.

“ಓ, ನೀನಾ ತಂಗಿ! ನಿನ್ನೆಯಿಂದ ಎಲ್ಲಿ ಹೋಗಿದ್ದೆ?”

“ನಿನ್ನೆಯೇ ಬಂದೆನಲ್ಲ ಅಕ್ಕಾ. ನೀನೇ ಒಳಗೆ ಬಿಡಲಿಲ್ಲ.”

“ನಿನ್ನೆ ಯಾರೋ ಬಂದಿದ್ದಳಪ್ಪ. ಅದು ನೀನಲ್ಲ. ಅವಳಿಗೆ ವಾಸನೆಯೇ ಇರಲಿಲ್ಲ” ಅಂದಳು ಬಾಗಿಲಕ್ಕ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಗೊದ್ದವ್ವ ಜಗಳ ಆಡಲಿಲ್ಲ. ಒಳಗೆ ಹೋದಳು. ಒಳಗೆ ಕತ್ತಲು. ತಂಪು. ಎಳೆ ಮರಿಗಳು ಬೆಳ್ಳಗೆ, ಕಾಲಿಲ್ಲದೆ, ಸಾಲಾಗಿ ಮಲಗಿದ್ದವು. ಹಸಿದು ಬಾಯಿ ತೆರೆದಿದ್ದವು. ಗೊದ್ದವ್ವ ಊರ ಚೀಲದಿಂದ ಅವಕ್ಕೆ ತುತ್ತು ಕೊಟ್ಟಳು. ಎಡಕ್ಕೊಬ್ಬಳು ಅಕ್ಕ ಬಂದು ತಾಗಿದಳು. ಬಲಕ್ಕೊಬ್ಬಳು ತಂಗಿ ಬಂದು ತಾಗಿದಳು. ಮೀಸೆಗೆ ಮೀಸೆ ಮುಟ್ಟಿಸಿ ಕೆಲಸಕ್ಕೆ ಹೋದರು.

ಯಾರು ನೀನು ಅಂತ ಯಾರೂ ಕೇಳಲಿಲ್ಲ.

ಕಥೆ ಹರಿದು ಅವರೆ ಬುಡ ಸೇರಿತು. ಕೇಳಿದವರೆಲ್ಲ ಕೈ ತೊಳೆದು ಊಟಕ್ಕೆ ಬನ್ನಿ.